ಮಂಗಳ ಗ್ರಹದಿಂದ ಟ್ರಂಕ್ ಕಾಲ್

ಮೊದಲೇ ಹೇಳಿಬಿಡುತ್ತೇನೆ, ನನಗೆ ವಿಜ್ಞಾನ ಬರುವುದಿಲ್ಲ. ಮನೆಯ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುವಾಗಲೂ ಪ್ರತಿ ಸಲ ಯೂಟ್ಯೂಬ್ ನೋಡುವವಳು ನಾನು. ಆದರೆ ಊಟ ಮುಗಿಸಿ ಕಾಲು ಚಾಚಿ ಕೂತರೆ ಕೈಗೆ ಬೇಕಾಗುವುದು ಮಾತ್ರ ವೈಜ್ಞಾನಿಕ ಕಾದಂಬರಿ. ಅದೂ ಹಳೆಯದು, ಹಾಳೆ ಹಳದಿಯಾಗಿ ಅಂಚು ಪುಡಿಪುಡಿಯಾಗಿರಬೇಕು. ಹೊಸ ಕಾದಂಬರಿಗಳನ್ನು ಓದಿದರೆ ಮುಂದೆ ಏನು ಕಾದಿದೆಯೋ ಎಂದು ಎದೆ ಡವಗುಟ್ಟುತ್ತದೆ. ಹಳೆಯದರಲ್ಲಿ ಆ ಭಯವಿಲ್ಲ. ಬರೆದವರು ಹೆದರಿಸಿದ ಭವಿಷ್ಯದ ತಾರೀಖು ದಾಟಿ ಎಷ್ಟೋ ವರ್ಷವಾಗಿರುತ್ತದೆ, ನಾವಿನ್ನೂ ದಾವಣಗೆರೆಯ ವಿದ್ಯಾನಗರದಲ್ಲಿ ನಲ್ಲಿ ನೀರು ಕಾಯುತ್ತಾ ಕೂತಿರುತ್ತೇವೆ. ಅದಕ್ಕಿಂತ ನೆಮ್ಮದಿ ಏನು ಬೇಕು.

ಹುಡುಗಿಯಾಗಿದ್ದಾಗ ಓದಿದ ವಿದೇಶಿ ಕಥೆಗಳ ಅನುವಾದಗಳನ್ನು ಈಗ ಮತ್ತೆ ಓದಿದರೆ ಮಜಾ ಬೇರೆಯೇ ಇದೆ. ಗಗನನೌಕೆ ಬೆಳಕಿನ ವೇಗದಲ್ಲಿ ಹೋಗುತ್ತಿರುತ್ತದೆ, ಕ್ಯಾಪ್ಟನ್ ನಿಧಾನಕ್ಕೆ ಪೈಪಿಗೆ ತಂಬಾಕು ತುಂಬುತ್ತಿರುತ್ತಾನೆ. ಬೂದಿ ಕೊಡವಲು ಪಕ್ಕದಲ್ಲಿ ಆಶ್‌ಟ್ರೇ. ಕಲ್ಯಾಣ ಮಂಟಪದಷ್ಟು ದೊಡ್ಡ ಕಂಪ್ಯೂಟರ್ ಗುಡುಗುಡು ಎಂದು ಯೋಚಿಸಿ ಉತ್ತರವನ್ನು ಕಾಗದದ ಚೀಟಿಯ ಮೇಲೆ ಉಗುಳುತ್ತದೆ. ಅದನ್ನು ಹರಿದು ತರಲು ಲಿಪ್‌ಸ್ಟಿಕ್ ಹಚ್ಚಿದ ಟೈಪಿಸ್ಟ್ ಹುಡುಗಿ. ಅವಳಿಗೆ ಇಡೀ ಬ್ರಹ್ಮಾಂಡದಲ್ಲಿ ಬೇರೆ ಕೆಲಸವೇ ಇಲ್ಲ. ಬರೆದವನು ತಾನು ದುರ್ಬೀನು ಹಿಡಿದು ನೂರು ವರ್ಷ ಆಚೆ ನೋಡುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಕೈಯಲ್ಲಿರುವುದು ಮುಖ ನೋಡುವ ಕನ್ನಡಿ. ಅದರಲ್ಲಿ ಅವನ ಮೂತಿಯ ಹಿಂದೆ ಅವನ ಮನೆಯ ಬಟ್ಟೆ ಒಣಹಾಕಿದ ಹಗ್ಗವೂ ಕಾಣುತ್ತಿರುತ್ತದೆ.

ನಾನು ನಗುತ್ತಿದ್ದೇನೆ ಎಂದುಕೊಳ್ಳಬೇಡಿ. ಹೊಟ್ಟೆಪಾಡಿಗೆ ನಾನು ವಿಮೆ ಏಜೆಂಟ್. ಭವಿಷ್ಯ ತೋರಿಸಿ ಮಾರುವುದೇ ನನ್ನ ಕಸುಬು. ಈ ಊರಿನ ಜನ ಭವಿಷ್ಯವನ್ನು ಹೇಗೆ ಊಹಿಸುತ್ತಾರೆ ಎಂದು ನನ್ನಷ್ಟು ಬೇರೆ ಯಾರಿಗೂ ಗೊತ್ತಿರಲಿಕ್ಕಿಲ್ಲ. ಪಕ್ಕದ ಮನೆಯವರು ಬೈಕಿನಿಂದ ಬಿದ್ದ ವಾರ ಅಪಘಾತ ಪಾಲಿಸಿ ಕೇಳುತ್ತಾರೆ. ಎದುರುಮನೆಯವರಿಗೆ ಕಿಡ್ನಿಯಲ್ಲಿ ಕಲ್ಲು ಸಿಕ್ಕರೆ ಆರೋಗ್ಯದ ಪಾಲಿಸಿ. ಎಲ್ಲರ ಭವಿಷ್ಯವೂ ಹೋದ ವಾರದ್ದೇ. ಕಾದಂಬರಿ ಬರೆಯುವವರು ಮಾತ್ರ ಇದಕ್ಕೆ ಹೊರತಾಗಿರಬೇಕು ಎಂದರೆ ಹೇಗೆ?

ಇಷ್ಟೆಲ್ಲ ನೆನಪಾಗಲು ಕಾರಣ ಖಲೀಲ್ ಭಾಯ್. ಮಂಡಿಪೇಟೆಯ ಒಂದು ಸಂದಿಯಲ್ಲಿ ಹಳೇ ಪೇಪರ್ ವ್ಯಾಪಾರ ಮಾಡುತ್ತಾರೆ. ನನ್ನ ಹುಚ್ಚು ಅವರಿಗೆ ಗೊತ್ತಿರುವುದರಿಂದ ರಾಕೆಟ್ ಚಿತ್ರವಿರುವ ಪುಸ್ತಕ ಬಂದರೆ ಪಕ್ಕಕ್ಕೆ ಎತ್ತಿಡುತ್ತಾರೆ. ಒಮ್ಮೆ ದೀಪಾವಳಿ ಪಟಾಕಿ ಅಂಗಡಿಯ ಬೆಲೆಪಟ್ಟಿಯನ್ನೂ ಎತ್ತಿಟ್ಟಿದ್ದರು.

"ಅಕ್ಕಾ, ನಿಮ್ಮ ಐಟಂ ಬಂದೈತೆ ನೋಡ್ರಿ. ಈ ಸಲ ನಮ್ಮ ಕಡೇದೇ, ಹರಿಹರದ್ದು," ಎಂದರು.

"ಹೆಂಗೈತೆ ಭಾಯ್?"

"ನಂಗೇನ್ ಗೊತ್ತಕ್ಕಾ. ತೂಕ ಅಂತೂ ಕಮ್ಮಿ ಐತೆ."

ತೆಳ್ಳನೆಯ ಪುಸ್ತಕ. ಹೆಸರು 'ಮಂಗಳದಲ್ಲಿ ಎರಡನೇ ಪಾಳಿ'. ಬರೆದವರು ಗುರುಬಸಪ್ಪ, ಹರಿಹರ. ಎಪ್ಪತ್ತರ ದಶಕದಲ್ಲಿ ಅಚ್ಚಾದದ್ದು, ಕಥೆ ನಡೆಯುವುದು ನಾವು ಈಗ ಬದುಕುತ್ತಿರುವ ಈ ವರ್ಷಗಳಲ್ಲಿ. ಮುಖಪುಟದ ರಾಕೆಟ್ಟು ದೊಡ್ಡದೊಂದು ಬೋಲ್ಟಿನ ಹಾಗಿದೆ. ಬಸ್ ಸ್ಟಾಂಡಿನ ತನಕ ನಡೆಯುತ್ತಲೇ ಓದಲು ಶುರುಮಾಡಿ ಒಂದು ಎಮ್ಮೆಗೆ ಡಿಕ್ಕಿ ಹೊಡೆದೆ.

ಏನು ಕಾದಂಬರಿ ಅಂತೀರಿ. ಮಂಗಳ ಗ್ರಹದಲ್ಲಿ ಒಂದು ಕಾರ್ಖಾನೆ. ಅಲ್ಲಿಗೆ ಕೆಲಸಕ್ಕೆ ಹೋಗುವವರೆಲ್ಲ ನಮ್ಮ ಹರಿಹರದವರೇ. ಅರ್ಧ ದಾರಿಯಲ್ಲಿ, ಭೂಮಿ ಗೋಲಿಯಷ್ಟು ಕಾಣುವ ಜಾಗದಲ್ಲಿ, ರಾಕೆಟ್ಟಿನ ನೌಕರರು ಬೋನಸ್‌ಗಾಗಿ ಕೆಲಸ ನಿಲ್ಲಿಸುತ್ತಾರೆ. ಸಂಧಾನಕ್ಕೆ ಚಂದ್ರನಿಂದ ಲೇಬರ್ ಆಫೀಸರ್ ಬರುತ್ತಾನೆ. ಮಂಗಳದಲ್ಲಿ ಸೀಮೆಎಣ್ಣೆಗೆ ಕ್ಯೂ ಇದೆ, ಆದರೆ ಭವಿಷ್ಯವಲ್ಲವೇ, ಕ್ಯೂನಲ್ಲಿ ಕೂರಲು ಕುರ್ಚಿ ಹಾಕಿದ್ದಾರೆ. ಮೊದಲ ಸಲ ಅನ್ಯಗ್ರಹದ ಜೀವಿ ಎದುರಾದಾಗ ನಮ್ಮವರು ಕೇಳುವ ಮೊದಲ ಪ್ರಶ್ನೆ, "ನೀವು ಯಾವ ಕಡೆಯವರು?" ಫೋನಿಗೂ ಸ್ಕೂಟರಿಗೂ ವರ್ಷಗಟ್ಟಲೆ ಕಾಯುತ್ತಿದ್ದವರ ಎಲ್ಲಕ್ಕಿಂತ ಧೈರ್ಯದ ಕಲ್ಪನೆ ಎಂದರೆ ಮುಂದಿನ ಆ ಕಾಲದಲ್ಲಿ ಅರ್ಜಿ ಹಾಕಿದ ಎಂಟೇ ತಿಂಗಳಿಗೆ ಮನೆಗೆ ಫೋನು ಬರುತ್ತದೆ. ಸ್ಕೂಟರ್ ಅಂತೂ ದುಡ್ಡು ಕಟ್ಟಿದ ವರ್ಷವೇ ಸಿಗುತ್ತದೆ. ಈ ಸಾಲಿನ ಮುಂದೆ ಲೇಖಕರು ಒಂದು ಆಶ್ಚರ್ಯಸೂಚಕ ಹಾಕಿದ್ದಾರೆ. ಇಡೀ ಪುಸ್ತಕದಲ್ಲಿ ಅದೊಂದೇ. ಮನುಷ್ಯ ಮಂಗಳಕ್ಕೆ ಹೋದ ಸಾಲಿಗೆ ಬರೀ ಪೂರ್ಣವಿರಾಮ.

ಇದನ್ನೆಲ್ಲ ಫೇಸ್‌ಬುಕ್ಕಿನಲ್ಲಿ ಬರೆದೆ. ಜನ ಬಿದ್ದು ಬಿದ್ದು ನಕ್ಕರು. ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಪ್ರೆಸ್ ಇಟ್ಟುಕೊಂಡಿರುವ ನನ್ನ ಸೋದರಮಾವನ ಮಗ ಮಂಜುನಾಥ ಫೋನ್ ಮಾಡಿದ. ಅವನು ಜೀವಮಾನವಿಡೀ ಅಚ್ಚು ಹಾಕಿದ್ದು ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು.

"ಅಕ್ಕಾ, ಈ ಪುಸ್ತಕ ನಾನ್ ಹಾಕ್ತೀನಿ. ಒಂದಾದ್ರೂ ಪುಸ್ತಕ ಅಂತ ಹಾಕಿ ಸಾಯ್ಬೇಕು. ಆದ್ರೆ ಮದುವೆ ಸೀಸನ್ ಶುರುವಾಗೋದ್ರಾಗ ಕೊಟ್ಬಿಡು. ಆಮೇಲೆ ನನ್ನ ಮಷೀನು ನನ್ನ ಮಾತೇ ಕೇಳಲ್ಲ."

ಅಷ್ಟರಲ್ಲಿ ಯಾರೋ ಕಾಮೆಂಟಿನಲ್ಲಿ, ಗುರುಬಸಪ್ಪನವರು ಹರಿಹರದಲ್ಲೇ ಇದ್ದಾರೆ, ಎಂಬತ್ತು ದಾಟಿದೆ, ಗಟ್ಟಿಯಾಗಿದ್ದಾರೆ ಎಂದು ತಿಳಿಸಿದರು. ಬರೆದವರು ಇರುವಾಗ ಅವರು ಹೂಂ ಅನ್ನದೆ ಅಚ್ಚು ಹಾಕುವುದು ಹೇಗೆ? ಮರುದಿನವೇ ಬಸ್ಸು ಹತ್ತಿದೆ.

ಬಾಗಿಲು ತೆಗೆದವರು ಅವರ ಹೆಂಡತಿ ನೀಲಮ್ಮ. ನಾನು ಯಾಕೆ ಬಂದೆ ಎಂದು ಹೇಳಿದ್ದೇ ತಡ, ಒಳಗೆ ತಿರುಗಿ, "ನೋಡ್ರಿ, ನಿಮ್ಮ ಪುಸ್ತಕ ಓದಿದೋರು ಒಬ್ರು ಸಿಕ್ಯಾರೆ. ಕೂಡಿಸ್ಕಂಡು ಮಾತಾಡ್ರಿ, ಬಿಟ್ಟು ಕಳಿಸ್ಬ್ಯಾಡ್ರಿ," ಎಂದರು. ನನಗೆ, "ಕೂಡವ್ವ. ನಮ್ಮಿಬ್ರ ಕಣ್ಣು ಮುಚ್ಚೋದ್ರಾಗ ಆ ಪುಸ್ತಕ ಇನ್ನೊಂದ್ಸಲ ಅಚ್ಚಾಗಿ ಕೈಗೆ ಬರ್ಬೇಕು ಅಂತ ನಂಗೊಂದು ಆಸೆ ಐತೆ," ಎಂದರು.

ಗುರುಬಸಪ್ಪನವರು ಹರಿಹರದ ಯಂತ್ರ ಕಾರ್ಖಾನೆಯಲ್ಲಿ ಲೋಹ ಕಡೆಯುವ ಲೇತ್ ಮೇಲೆ ದುಡಿದವರು. ಪುಸ್ತಕದ ಮಾತು ತೆಗೆದರೆ ಖುಷಿಪಡುತ್ತಾರೆ ಎಂದುಕೊಂಡಿದ್ದೆ. ಅವರು ಕೆಲಸ ಕೆಟ್ಟ ಮನುಷ್ಯನ ಹಾಗೆ ಮುಖ ಮಾಡಿದರು.

"ಅದು ರಿಜೆಕ್ಟ್ ಪೀಸು ಮೇಡಂ. ಅದನ್ನ ಹೆಂಗೆ ಕೊಡ್ಲಿ?"

ವಿಷಯ ಇಷ್ಟು. ಲೇತಿನಿಂದ ಇಳಿದ ಪ್ರತಿ ತುಂಡನ್ನೂ ಅವರಲ್ಲಿ ಗೇಜಿಗೆ ಹಾಕಿ ನೋಡುತ್ತಾರೆ. ಗೇಜ್ ಎಂದರೆ ಅಳತೆ ಪರೀಕ್ಷಿಸುವ ಉಕ್ಕಿನ ಅಚ್ಚು. ಅದರಲ್ಲಿ ಸರಿಯಾಗಿ ಕೂತರೆ ಪಾಸು, ಕೂದಲೆಳೆ ಹೆಚ್ಚುಕಮ್ಮಿಯಾದರೂ ಗುಜರಿ ಡಬ್ಬಿ. ಗುರುಬಸಪ್ಪನವರು ತಮ್ಮ ಕಾದಂಬರಿಯನ್ನೂ ಹಾಗೇ ನೋಡಿದ್ದರು. ಅವರು ಭವಿಷ್ಯ ಬರೆದರು. ಭವಿಷ್ಯ ಬಂತು. ತಾಳೆ ನೋಡಿದರೆ ಎಲ್ಲೂ ಕೂಡಲಿಲ್ಲ. ಹಾಗಾಗಿ ಅವತ್ತಿನಿಂದ ತಿದ್ದುತ್ತಾ ಬಂದಿದ್ದಾರೆ.

ಅವರ ಪ್ರತಿಯನ್ನು ನೀಲಮ್ಮ ತಂದು ನನ್ನ ತೊಡೆ ಮೇಲಿಟ್ಟರು. ನನ್ನಲ್ಲಿರುವ ತೆಳ್ಳನೆಯ ಪುಸ್ತಕದ್ದೇ ಜೋಡಿ, ಆದರೆ ತುಂಬಿದ ಬಸುರಿಯ ಹಾಗೆ ಊದಿಕೊಂಡಿದೆ. ಪುಟಪುಟಕ್ಕೂ ಚೀಟಿಯ ಮೇಲೆ ಚೀಟಿ. ಕಾಲ ಬದಲಾದಾಗಲೆಲ್ಲ ಹಳೆಯ ಸಾಲಿನ ಮೇಲೆ ಹೊಸ ಸಾಲು ಬರೆದು ಗೋಂದು ಹಚ್ಚಿ ಅಂಟಿಸಿದ್ದಾರೆ. ಸೀಮೆಎಣ್ಣೆ ಕ್ಯೂ ಗ್ಯಾಸ್ ಕ್ಯೂ ಆಗಿದೆ, ಆಮೇಲೆ ನೋಟು ಬದಲಿಸುವ ಕ್ಯೂ, ಕೊನೆಗೆ ಆಧಾರ್ ತಿದ್ದುಪಡಿಯ ಕ್ಯೂ. ಮಂಗಳದ ಕಾರ್ಮಿಕರು ಸಂಜೆ ಹೊತ್ತು ರೇಡಿಯೋ ಕೇಳುತ್ತಿದ್ದವರು ಕ್ಯಾಸೆಟ್ ಕೇಳಿ, ವಿ.ಸಿ.ಆರ್. ಬಾಡಿಗೆಗೆ ತಂದು, ಕೇಬಲ್ ಹಾಕಿಸಿಕೊಂಡು, ಈಗ ಎಲ್ಲರೂ ತಲೆ ತಗ್ಗಿಸಿ ರೀಲ್ಸ್ ನೋಡುತ್ತಿದ್ದಾರೆ. ಕಥಾನಾಯಕ ಬಸವರಾಜ ಮಂಗಳದಿಂದ ಹರಿಹರದ ಹೆಂಡತಿಗೆ ಫೋನು ಮಾಡುವ ಪುಟವಂತೂ ರಟ್ಟಿನಷ್ಟು ದಪ್ಪ. ಬುಕ್ ಮಾಡಿ ಕಾಯುವ ಟ್ರಂಕ್ ಕಾಲ್ ಮೇಲೆ ಎಸ್‌ಟಿಡಿ ಬೂತು, ಅದರ ಮೇಲೆ ಪೇಜರ್, ಅದರ ಮೇಲೆ ಮೊಬೈಲು. ದುಬಾರಿ ಕಾಲವಾದ್ದರಿಂದ ಬಸವರಾಜ ಒಂದು ವರ್ಷ ಮಂಗಳ ಗ್ರಹದಿಂದ ಬರೀ ಮಿಸ್ಡ್ ಕಾಲ್ ಕೊಟ್ಟಿದ್ದಾನೆ.

ನಾನು ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡೆ. ಭವಿಷ್ಯವನ್ನು ಸರಿಮಾಡುತ್ತಾ ಹೋದ ಮನುಷ್ಯ, ತನಗೆ ಗೊತ್ತಿಲ್ಲದೇ ನಮ್ಮೆಲ್ಲರ ಐವತ್ತು ವರ್ಷದ ಸಂಸಾರವನ್ನು ಪದರ ಪದರವಾಗಿ ಅಂಟಿಸಿಟ್ಟಿದ್ದರು. ಪ್ರತಿ ಚೀಟಿ ಅಂಟಿಸುವಾಗಲೂ ಇದೇ ಕೊನೆಯದು, ಇನ್ನು ಮುಂದೆ ಏನೂ ಬದಲಾಗುವುದಿಲ್ಲ ಎಂದುಕೊಂಡಿರಬೇಕು. ಪೇಜರ್ ಚೀಟಿಯ ಅಕ್ಷರದಲ್ಲಂತೂ ಆ ಆತ್ಮವಿಶ್ವಾಸ ಎದ್ದು ಕಾಣುತ್ತಿತ್ತು.

"ಕಣ್ಣು ಆಪರೇಷನ್ ಆದಮ್ಯಾಲೆ ಸಣ್ಣ ಅಕ್ಷರ ಬರೆಯೋಕಾಗ್ತಿಲ್ಲ," ಎಂದರು. "ನೀವು ಬರ್ಕೊಡ್ರಿ. ಒಂದ್ ಕಡೇ ತಿದ್ದುಪಡಿ ಮಾಡಿ ಕೊಟ್ಬಿಡ್ತೀನಿ."

"ಕಡೇದು ಅಂತ ನಾನು ಮದುವ್ಯಾದಾಗಿಂದ ಕೇಳ್ತಿದೀನಿ," ಎಂದು ನೀಲಮ್ಮ ಒಳಗೆ ಹೋದರು.

ಹೀಗೆ ನಾನು ಮಂಗಳ ಗ್ರಹದ ಗುಮಾಸ್ತೆಯಾದೆ. ಪಾಲಿಸಿ ಮಾಡಿಸಲು ಹರಿಹರಕ್ಕೆ ಹೋಗುವ ನೆಪದಲ್ಲಿ ಅವರ ಮನೆಗೆ ಹೋಗುವುದು, ಚೀಟಿ ಬರೆಯುವುದು. "ಈಗ ಏನ್ ನಡದೈತೆ ಹೊರಗೆ?" ಎಂದು ಅವರು ಕೇಳುತ್ತಿದ್ದರು. ನನಗೆ ತಿಳಿದದ್ದು ಹೇಳುತ್ತಿದ್ದೆ. ಚಂದ್ರನಿಂದ ಬರುವ ಲೇಬರ್ ಆಫೀಸರನ ಬದಲು ಎ.ಐ. ಹಾಕಿದೆವು. ಅದು ನೌಕರರ ಬೇಡಿಕೆಗಳನ್ನೆಲ್ಲ ಸವಿನಯವಾಗಿ ಒಪ್ಪಿಕೊಂಡು ಒಂದನ್ನೂ ಈಡೇರಿಸಲಿಲ್ಲ. ಅದೊಂದು ಮಾತ್ರ ಗುರುಬಸಪ್ಪನವರಿಗೆ ಹಳೆಯ ಆಫೀಸರನಿಗೆ ಸರಿಯಾಗಿ ತಾಳೆಯಾಯಿತು ಅನ್ನಿಸಿತು. ಮುಂದಿನ ಸಲ ಹೋಗುವಷ್ಟರಲ್ಲಿ ನಾವು ಚೀಟಿಯಲ್ಲಿ ಬರೆದ ಎ.ಐ. ಆ್ಯಪ್ ಹಳೆಯದಾಗಿತ್ತು. ಅತ್ತ ಮಂಜುನಾಥ ದಿನಾ ಫೋನು. "ಅಕ್ಕಾ, ಕಾರ್ಡಿನೋರು ಬರೋಕೆ ಶುರು ಮಾಡ್ಯಾರೆ." ನೀಲಮ್ಮ ಬಾಗಿಲ ತನಕ ಬಂದು ಬೀಳ್ಕೊಡುವಾಗ, ಪುಸ್ತಕ ಪ್ರೆಸ್ಸಿಗೆ ಹೊರಟಿತೇ ಎಂಬಂತೆ ನನ್ನ ಚೀಲದ ಕಡೆ ಒಮ್ಮೆ ನೋಡುತ್ತಿದ್ದರು, ಅಷ್ಟೆ.

ತಿದ್ದುತ್ತಾ ಒಂದು ವಿಚಿತ್ರ ಕಂಡಿತು. ಇಡೀ ಪುಸ್ತಕದಲ್ಲಿ ಒಂದು ಚೀಟಿಯೂ ಅಂಟದ ಜಾಗ ಒಂದೇ ಒಂದಿತ್ತು. ಮಂಗಳದ ಕಾರ್ಖಾನೆಯಲ್ಲಿ ಎರಡನೇ ಪಾಳಿ ಬಿಡುವಾಗ ಸೈರನ್ ಕೂಗುತ್ತದೆ. ಕೆಂಪು ಮರಳುಗಾಡಿನಲ್ಲಿ ಮೈಲುಗಟ್ಟಲೆ ಕೇಳಿಸುತ್ತದೆ. ಆ ಸದ್ದಿಗೆ ಹೆಂಗಸರು ಒಲೆ ಹಚ್ಚುತ್ತಾರೆ.

"ಸರ್, ಮಂಗಳದಾಗ ಗಾಳೀನೇ ಅಷ್ಟಕ್ಕಷ್ಟೇ ಅಂತೆ. ಸೈರನ್ ಅಷ್ಟು ದೂರ ಹೆಂಗೆ ಕೇಳುತ್ತೆ?" ಎಂದೆ.

"ಮತ್ತೆ ಪಾಳಿ ಬಿಟ್ಟದ್ದು ಜನಕ್ಕೆ ಹೆಂಗೆ ಗೊತ್ತಾಗ್ಬೇಕು?" ಎಂದರು.

ಅವರು ದುಡಿದ ಹರಿಹರದ ಕಾರ್ಖಾನೆಯ ಸೈರನ್ ನಿಂತು ಎಷ್ಟೋ ಕಾಲವಾಗಿದೆ. ದಾವಣಗೆರೆಯ ಹತ್ತಿ ಗಿರಣಿಗಳದ್ದೂ ಹಾಗೇ. ಮನುಷ್ಯ ಬೇರೆ ಗ್ರಹದಲ್ಲಿ ಮನೆ ಕಟ್ಟುತ್ತಾನೆ ಎಂದು ಸಲೀಸಾಗಿ ಊಹಿಸಿದ ಮನುಷ್ಯನಿಗೆ, ಕಾರ್ಖಾನೆ ಮುಚ್ಚಬಹುದು ಎಂದು ಊಹಿಸಲು ಆಗಿರಲಿಲ್ಲ. ನಾವೂ ಯಾರೂ ಊಹಿಸಿರಲಿಲ್ಲ ಬಿಡಿ. ನಮ್ಮಪ್ಪ ಗಿರಣಿಯ ಸೈರನ್ ಕೇಳಿ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಸೂರ್ಯನ ಮೇಲೆ ಅವರಿಗೆ ಅಷ್ಟು ನಂಬಿಕೆ ಇರಲಿಲ್ಲ.

ಹಳೆಯ ರೂಪದಲ್ಲೇ ಅಚ್ಚು ಹಾಕಲು ಗುರುಬಸಪ್ಪನವರನ್ನು ಹೇಗಾದರೂ ಒಪ್ಪಿಸಬೇಕಲ್ಲ ಎಂದು ನಾನು ಮೊಬೈಲಿನಲ್ಲಿ ತಡಕಾಡಿ ಒಂದು ಅಸ್ತ್ರ ಹುಡುಕಿಕೊಂಡು ಹೋದೆ. ಮಂಗಳಕ್ಕೆ ಮಾತು ತಲುಪಲು ಹಲವು ನಿಮಿಷ ಬೇಕಂತೆ, ವಾಪಸ್ಸು ಬರಲು ಮತ್ತಷ್ಟು. ಹಲೋ ಎಂದು ಹೇಳಿ ಉಪ್ಪಿಟ್ಟು ತಿಂದು ಬಂದರೂ ಆ ಕಡೆಯ ಹಲೋ ಬಂದಿರುವುದಿಲ್ಲ. ಅಂದ ಮೇಲೆ ಮೊಬೈಲು ತಪ್ಪು, ಕಾಯಿಸಿ ಕಾಯಿಸಿ ಲೈನು ಕೊಡುವ ಟ್ರಂಕ್ ಕಾಲೇ ಸತ್ಯಕ್ಕೆ ಹತ್ತಿರ. "ನೀವು ಮೊದಲು ಬರೆದದ್ದೇ ಸರಿ ಸರ್," ಎಂದು ಗೆದ್ದವಳ ಹಾಗೆ ಕೂತೆ.

ಗುರುಬಸಪ್ಪನವರು ಒಪ್ಪಲಿಲ್ಲ. "ನಾನು ಅದನ್ನ ಲೆಕ್ಕ ಹಾಕಿ ಬರೆದಿದ್ನಾ? ಇಲ್ಲ. ಆಗ ಬೇರೆ ಫೋನು ಗೊತ್ತಿದ್ದಿಲ್ಲ, ಬರೆದೆ. ಲಕ್ಕಿನ ಮ್ಯಾಲೆ ಗೇಜಿನಾಗ ಕೂತಿದ್ದಕ್ಕೆ ನಾವು ಸೀಲ್ ಹೊಡೆಯಲ್ಲ ಮೇಡಂ."

ವಿಮೆ ಮಾರುವಾಗ ಇಂಥ ಪ್ರಾಮಾಣಿಕ ಗಿರಾಕಿ ಸಿಕ್ಕರೆ ಅವತ್ತಿನ ದಿನ ಹಾಳು ಎಂದು ನಾವು ಏಜೆಂಟರು ಮಾತಾಡಿಕೊಳ್ಳುತ್ತೇವೆ.

"ಆಯ್ತು, ಆ ಫೋನಿನ ಪುಟಾನೇ ಇವತ್ತು ಮುಗಿಸೋಣ," ಎಂದರು. "ಗೋಂದಿಗೆ ಎಲ್ಲಾ ಅಂಟ್ಕೊಂಡು ಕೆಳಗೇನೈತೆ ಅಂತ ನಂಗೇ ನೆಪ್ಪಿಲ್ಲ. ನಿಮ್ಮ ಪುಸ್ತಕದಾಗ ಓದ್ರಿ, ಹೊಸದಾಗಿ ಬರೆಸ್ತೀನಿ."

ನನ್ನ ಪ್ರತಿ ತೆಗೆದು ಓದಿದೆ. ನೀಲಮ್ಮ ಹೊಸ್ತಿಲ ಬಳಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಬಸವರಾಜ ಮಂಗಳದ ಟೆಲಿಫೋನ್ ಕಚೇರಿಯ ಬೆಂಚಿನ ಮೇಲೆ ಇಡೀ ದಿನ ಕಾಯುತ್ತಾನೆ. ಹೆಂಡತಿ ಶಾರದೆಗೆ ಏನೇನು ಹೇಳಬೇಕು ಎಂದು ತಿಂಗಳಿನಿಂದ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದಾನೆ. ಕೆಂಪು ಆಕಾಶ, ಎರಡು ಚಂದ್ರ, ಅವಳಿಲ್ಲದ ಬೇಸರ. ಲೈನು ಸಿಗುತ್ತದೆ. ಸಿಕ್ಕಿದ್ದು ಮೂರೇ ನಿಮಿಷ. ಅದರಲ್ಲಿ ಅವನು ಕೇಳುವುದಿಷ್ಟೇ, "ರೇಷನ್ ಅಕ್ಕಿ ಬಂತಾ?" ಆ ಕಡೆಯಿಂದ ಶಾರದೆ, "ಬಂತು. ನಿಮ್ಮ ದನಿ ಸಣ್ಣಗಾಗೈತೆ. ಊಟ ಸೇರ್ತಿಲ್ಲೇನು?" ಎನ್ನುತ್ತಾಳೆ. ಲೈನು ಕಟ್ ಆಗುತ್ತದೆ.

ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

"ಅದು ನಾನಂದಿದ್ದು," ಎಂದರು ನೀಲಮ್ಮ.

ನಾನು ತಲೆ ಎತ್ತಿದೆ. "ಇವ್ರು ಟ್ರೇನಿಂಗಿಗೆ ಅಂತ ಪುಣೆಗೆ ಹೋಗಿದ್ರವ್ವ, ಮದುವ್ಯಾದ ಹೊಸದ್ರಾಗ. ಪೋಸ್ಟಾಫೀಸಿಗೆ ಬಾ, ಫೋನ್ ಬರುತ್ತೆ ಅಂತ ಹೇಳಿ ಕಳಿಸಿದ್ರು. ಅಲ್ಲಿ ನಿಂತ್ಕಂಡು ನಾನು ಹಿಂಗೇ ಅಂದಿದ್ದೆ. ಅಚ್ಚಾದಾಗ ಓದಿ ನಾಚಿಕ್ಯಾಗಿ ಯಾರಿಗೂ ಹೇಳಿದ್ದಿಲ್ಲ." ಆಮೇಲೆ ಗಂಡನ ಕಡೆ ತಿರುಗಿದರು. "ಆ ಚೀಟಿಗಳಾಗ ನಾನೇನ್ ಅಂತೀನಿ? ಓದವ್ವ ನೋಡಾನ."

ಅವರ ಪ್ರತಿಯಲ್ಲಿ ಬಿಡಿಸಲು ಬಂದಷ್ಟು ಚೀಟಿಗಳನ್ನು ಎತ್ತಿ ಓದಿದೆ. ಎಸ್‌ಟಿಡಿ ಕಾಲದಲ್ಲಿ ಶಾರದೆ, "ಮೀಟರ್ ಓಡ್ತೈತೆ, ಇಡ್ರಿ," ಎನ್ನುತ್ತಾಳೆ. ಪೇಜರ್ ಕಾಲದಲ್ಲಿ ಅವಳಿಗೆ ಮಾತೇ ಇಲ್ಲ, ಬರೀ ಓದುತ್ತಾಳೆ. ಮಿಸ್ಡ್ ಕಾಲ್ ಕಾಲದಲ್ಲಿ ಫೋನು ಎತ್ತಲೂ ಇಲ್ಲ, ಎತ್ತಿದರೆ ದುಡ್ಡು ಹೋಗುತ್ತದಲ್ಲ. ಕೊನೆಯ ಚೀಟಿ ನಾನೇ ಮೊನ್ನೆ ಬರೆದದ್ದು. ಅದರಲ್ಲಿ ಶಾರದೆ ಒಂದು ಹೆಬ್ಬೆರಳಿನ ಚಿತ್ರ ಕಳಿಸುತ್ತಾಳೆ.

"ಆಹಾ," ಎಂದರು ನೀಲಮ್ಮ. "ಫೋನು ಸುಧಾರಿಸ್ತಾ ಸುಧಾರಿಸ್ತಾ ನನ್ನ ಬಾಯಿ ಮುಚ್ಚಿಸ್ಬಿಟ್ರಿ. ಇಷ್ಟು ವರ್ಷ ಅಲ್ಲಿ ಕೂತು ಗೋಂದು ಹಚ್ಚಿದ್ದು ಇದಕ್ಕಾ?"

"ನಿನ್ನ ಮಾತಿನ ಮ್ಯಾಲೆ ಅಂಟಿಸ್ದೆ ಅಂತ ನಂಗೆ ಹೊಳೀಲಿಲ್ಲ, ನೀಲಾ. ನಾನು ಫೋನ್ ನೋಡ್ತಿದ್ದೆ," ಎಂದರು ಗುರುಬಸಪ್ಪ.

"ಹೂಂ, ಈಗಿನ ಮಂದೀನೂ ಅದನ್ನೇ ನೋಡ್ತಾರೆ. ಅದೊಂದ್ ನೀವು ಸರಿಯಾಗಿ ಭವಿಷ್ಯ ಹೇಳಿದ್ರಿ."

ನಾನು ನಗಬಾರದು ಎಂದುಕೊಂಡೇ ನಕ್ಕೆ. ಗುರುಬಸಪ್ಪ ನಗಲಿಲ್ಲ. ಊದಿದ ಆ ಪುಸ್ತಕವನ್ನು ಕೈಗೆ ತೆಗೆದುಕೊಂಡು ಫೋನಿನ ಪುಟದ ಮೇಲೆ ಹೆಬ್ಬೆರಳು ಆಡಿಸಿದರು. ಲೇತಿನಿಂದ ಇಳಿದ ತುಂಡನ್ನು ಹೀಗೇ ಸವರಿ ನೋಡುತ್ತಿದ್ದರೇನೋ. "ಇನ್ನೊಂದ್ಸಲ ಓದ್ರಿ ಮೇಡಂ, ಹಳೇದು," ಎಂದರು. ಓದಿದೆ. "ಅಲ್ಲಿ 'ಸಣ್ಣಗಾಗೈತೆ' ಅಂತಾನೇ ಐತಾ? ನಾನು 'ಕ್ಷೀಣಿಸಿದೆ' ಅಂತ ಬರೆದಿದ್ದೆ ಅಂದ್ಕೊಂಡಿದ್ದೆ," ಎಂದರು. ಒಳಗೆ ಕುಕ್ಕರ್ ಕೂಗಿತು. ನೀಲಮ್ಮ ಏಳಲಿಲ್ಲ.

"ಕೊಟ್ಬಿಡ್ರಿ," ಎಂದರು ಗುರುಬಸಪ್ಪ ಕೊನೆಗೆ. "ನಿಮ್ಮ ಹತ್ರ ಇರೋದನ್ನೇ ಕೊಡ್ರಿ ಪ್ರೆಸ್ಸಿಗೆ. ಸೀಮೆಎಣ್ಣೆನೂ ಇರ್ಲಿ."

"ಒಂದಕ್ಷರಾನೂ ಬದಲಿಸ್ದೆ?"

"ಒಂದಕ್ಷರಾನೂ ಬದಲಿಸ್ಬ್ಯಾಡ್ರಿ. ಆದ್ರೆ ಅಳತೆ ಕೂಡದ ಪೀಸನ್ನ ಸುಮ್ಮಸುಮ್ಮನೆ ಹೊರಗೆ ಬಿಡೋ ರೂಢಿ ನಮ್ಮಲ್ಲಿಲ್ಲ. ಅದಕ್ಕೊಂದು ಚೀಟಿ ಕಟ್ಟಿ ಬಿಡ್ತೀವಿ. ಮೊದಲನೇ ಪುಟದಾಗ ಹಾಕ್ರಿ, ಬರ್ಕೊಳ್ರಿ."

ಅವರು ನೆಟ್ಟಗೆ ಕೂತು, ಕಾರ್ಖಾನೆಯ ನೋಟಿಸು ಓದುವ ದನಿಯಲ್ಲಿ ಹೇಳಿಸಿದರು. ನಾನು ಬರೆದುಕೊಂಡೆ. 'ಈ ಕಾದಂಬರಿಯಲ್ಲಿ ಬರುವ ಭವಿಷ್ಯ ಸಂಪೂರ್ಣ ಕಾಲ್ಪನಿಕ. ಮುಂದೆ ನಿಜವಾಗಿ ಬಂದ ಭವಿಷ್ಯಕ್ಕೆ ಇದರಲ್ಲಿ ಎಲ್ಲಿಯಾದರೂ ಹೋಲಿಕೆ ಕಂಡರೆ ಅದು ಕೇವಲ ಆಕಸ್ಮಿಕ. ಬಂದ ಭವಿಷ್ಯಕ್ಕೆ ಲೇಖಕರು ಯಾವ ರೀತಿಯಲ್ಲೂ ಜವಾಬ್ದಾರರಲ್ಲ.'

ಗಟ್ಟಿಯಾಗಿ ಓದಿ ತೋರಿಸಿದೆ. ನೀಲಮ್ಮ ಮೊರ ಎತ್ತಿಕೊಂಡು ಎದ್ದರು.

"ಇಡೀ ಪುಸ್ತಕದಾಗ ಇದೊಂದ್ ಮಾತು ಖರೆ ಬರೆಸಿದ್ರಿ ನೋಡ್ರಿ," ಎಂದು ಒಳಗೆ ಹೋಗಿ ಕುಕ್ಕರ್ ಇಳಿಸಿದರು.